ಸಂಪಿಗೆ ಮರಕ್ಕೆ ಸೈಕಲ್ ಕಡ್ಡಿ

ಗೌರಿಬಿದನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರ ಹೆಂಡತಿ ಯಾವ ಬಾಡಿದ ಗಿಡ ಕಂಡರೂ ಉಗುರಿನಿಂದ ತೊಗಟೆ ಕೆರೆದು, ಮೂಸಿ, "ಇರಿ, ಇನ್ನೂ ಹಸಿರಿದೆ" ಎನ್ನುತ್ತಿದ್ದರು.

ಐವತ್ತರ ದಶಕದಲ್ಲಿ, ನಾನು ಮದುವೆಯಾಗಿ ಬಂದ ಹೊಸತರಲ್ಲಿ, ನಮ್ಮ ಅಂಗಳದ ಸಂಪಿಗೆ ಮರ ಅರ್ಧ ಒಣಗಿತು. ದೃಷ್ಟಿಯಾಗಿದೆಯೆಂದು ಅತ್ತೆ ಕಾಂಡಕ್ಕೆ ಹಳೆಯ ಚಪ್ಪಲಿ ಕಟ್ಟಿದರು. ಮಾವ ಮರ ಕಡಿಸಲು ಆಳನ್ನೇ ಕರೆತಂದರು.

ಮೇಷ್ಟ್ರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. "ಇರಿ ಗೌಡ್ರೇ, ಇನ್ನೂ ಹಸಿರಿದೆ!"

"ಏನು ಹಸಿರೋ! ಒಣಗಿ ಸೌದೆ ಆಗೋಗಿದೆ ಕಣಮ್ಮ," ಎಂದರು ಮಾವ.

ಆಕೆ ಚಪ್ಪಲಿ ಸರಿಸಿದರೆ ಅದರ ಹಿಂದೆಯೇ ಒಂದು ತೂತು, ಉದುರುವ ಮರದ ಪುಡಿ! "ಅಮ್ಮಣ್ಣಿ, ಸೈಕಲ್ ಕಡ್ಡಿ ತಾ, ಬೇಗ!" ನಾನು ಓಡಿ ತಂದುಕೊಟ್ಟೆ. ತೂತಿನೊಳಗೆ ತಿರುಗಿ ಹೊರಬಂದ ಕಡ್ಡಿಯ ತುದಿಯಲ್ಲಿ ಬೆರಳುದ್ದದ ಹುಳು ಹೊರಳಾಡುತ್ತಿತ್ತು. ಅತ್ತೆ ಕಿರುಚಿದರು, ನಾನಂತೂ ಹೊಸ ಸೊಸೆಯೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

ಆಕೆ ಸೀಮೆಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತೂತಿಗೆ ತುರುಕಿ, ಕೆಮ್ಮಣ್ಣು ಮೆತ್ತಿದರು. ಏಣಿ ಹತ್ತಿ ಒಣಗಿದ ಕೊಂಬೆಗಳಿಗೆ ಸುಣ್ಣದ ಗೆರೆ ಎಳೆದು, "ಇಲ್ಲೀವರ್ಗೂ ಕೊಯ್ಯಪ್ಪ, ಸಾಕು" ಎಂದು ಆಳಿಗೆ ಹೇಳಿದರು.

ಅವನು ಗರಗಸ ಹಿಡಿದು ಹತ್ತಿದ. ಕೆಳಗೆ ಏಣಿ ಹಿಡಿದು ನಿಂತ ಮಾವ ಕೂಗಿದರು:

"ಮೆತ್ತಗೆ ಕಣಯ್ಯ, ಮೆತ್ತಗೆ! ಅದಕ್ಕೆ ನೋವಾಗ್ತದೆ!"