ಕೈ ಎತ್ತಿದರೂ ನಿಲ್ಲದ ಹಾಡು

ಹುಡುಗಿ ಎರಡೂ ಕೈ ಎತ್ತಿ ಸೆರಗು ಸರಿಮಾಡಿಕೊಂಡಳು. ಅವಳು ನುಡಿಸುತ್ತಿದ್ದ ಹಾಡು ಮಾತ್ರ ನಿಲ್ಲಲಿಲ್ಲ!

ಕಳೆದ ಭಾನುವಾರ ತೀರ್ಥಹಳ್ಳಿಯಲ್ಲಿ ನನ್ನ ಅಕ್ಕನ ಮಗಳು ಶಾರದೆಯನ್ನು ನೋಡಲು ಹೊಸನಗರದಿಂದ ಗಂಡಿನ ಕಡೆಯವರು ಬಂದಿದ್ದರು. ಸೋದರಮಾವ ಎಂದ ಮೇಲೆ ನಾನು ಸಾಗರದಿಂದ ಬಸ್ಸು ಹತ್ತದಿದ್ದರೆ ಆಗುತ್ತದೆಯೇ? (ಕೇಸರಿಬಾತಿನ ಆಸೆಯೂ ಇತ್ತು ಅನ್ನಿ.)

ಗಂಡಿನ ತಾಯಿಗೆ ಸಂಗೀತ ಬಲ್ಲ ಸೊಸೆಯೇ ಬೇಕಂತೆ. ಶಾರದೆಗೋ ಸಂಗೀತದ ಗಂಧಗಾಳಿಯೂ ಇಲ್ಲ. ಆದರೆ ನಮ್ಮ ಭಾವ ಜವಳಿ ವ್ಯಾಪಾರಿ, ಎಂಥ ಸರಕನ್ನೂ ಸಾಗಹಾಕಬಲ್ಲವರು. ಕೊಪ್ಪದ ಕಡೆಯ ಕಾಫಿ ತೋಟದ ಬಿಳಿ ದೊರೆ ತನ್ನ ಸೀಮೆಗೆ ಹೊರಟಾಗ ಹರಾಜಿನಲ್ಲಿ ಹಿಡಿದ ಆರ್ಗನ್ ಒಂದು ಅವರ ಪಡಸಾಲೆಯಲ್ಲಿದೆ. ನೋಡಲು ಭಾರೀ ಹಾರ್ಮೋನಿಯಂ. ಒಳಗೆ ತೂತು ಕೊರೆದ ಕಾಗದದ ಸುರುಳಿ ಸಿಕ್ಕಿಸಿ ಕಾಲಲ್ಲಿ ತುಳಿಯುತ್ತಿದ್ದರೆ ಸಾಕು, ತಾನಾಗಿಯೇ ನುಡಿಯುತ್ತದೆ. ಭಾವ ಸುರುಳಿ ಕಾಣದಂತೆ ಜರಿ ಶಾಲು ಹೊದಿಸಿ, "ನೀನು ತುಳೀತಾ ಇರು, ಬೆರಳು ಸುಮ್ನೆ ಆಡಿಸು" ಎಂದು ಮಗಳಿಗೆ ಟ್ರೈನಿಂಗ್ ಕೊಟ್ಟಿದ್ದರು.

"ಇದು ಮೋಸ ಅಲ್ವಾ ಭಾವ?" ಎಂದೆ.

"ಮದುವೆ ಆದ್ಮೇಲೆ ಹೆಂಡ್ತಿ ಹಾಡು ಯಾರು ಕೇಳ್ತಾರೆ ಮಾರಾಯ?"

ಶಾರದೆ ತುಳಿದಳು. ಹೊರಬಂದದ್ದು ದೊರೆಗಳು ಕುಣಿಯುವ ಯಾವುದೋ ಹಾಡು. ಗಂಡಿನ ದೊಡ್ಡಪ್ಪ ಕಣ್ಣು ಮುಚ್ಚಿ, ತೊಡೆ ತಟ್ಟುತ್ತಾ, "ಎಂಥ ಅಪರೂಪದ ರಾಗ!" ಎಂದರು. (ಅಪರೂಪವೇನೋ ಹೌದು.)

ಆಗಲೇ ಸೆರಗು ಜಾರಿತು. ಜಾರಿತೋ, ಜಾರಿಸಿದಳೋ?

ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ಗಂಡಿನ ತಾಯಿ ಎದ್ದು ಹೋಗಿ ಶಾಲು ಎಳೆದರು. ಶಾರದೆ ಇನ್ನೂ ತುಳಿಯುತ್ತಲೇ ಇದ್ದಳು, ಸುರುಳಿ ತಿರುಗುತ್ತಲೇ ಇತ್ತು. ಭಾವನ ಮುಖ ಬಿಳಿಚಿಕೊಂಡಿತು. ಸಂಬಂಧ ಮುರಿಯಿತು ಎಂದುಕೊಂಡೆ.

ಎಲ್ಲಿ ಬಂತು! ಆ ತಾಯಿ ಆರ್ಗನ್ನಿಗೆ ಒಂದು ಸುತ್ತು ಬಂದು, "ಹುಡುಗಿ ಜೊತೆ ಇದನ್ನೂ ಕೊಡ್ತೀರಾದ್ರೆ ನಮ್ದು ಒಪ್ಪಿಗೆ" ಎಂದುಬಿಟ್ಟರು. ಭಾವ ಆಗಲೇ ತಲೆಯಾಡಿಸಲು ಶುರುಮಾಡಿದ್ದರು. ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ!

ಶಾರದೆಯೇ ಎದ್ದು ನಿಂತಳು.

"ಅಮ್ಮಾ, ನಾನು ಎಂತಕ್ಕೆ? ಪೆಟ್ಟಿಗೆ ಒಂದೇ ತಗೊಂಡು ಹೋಗಿ. ತುಳಿದ್ರೆ ಹಾಡ್ತದೆ, ಎದುರು ಮಾತಾಡೂದಿಲ್ಲ."

ನನಗೆ ಒಳಗೊಳಗೇ ಖುಷಿಯೋ ಖುಷಿ. ಬಂದವರು ಕಾಫಿಯನ್ನೂ ಕುಡಿಯದೆ ಬಸ್ಸಿಗೆ ಹೊರಟರು. ಭಾವ ಮಗಳೊಡನೆ ಇನ್ನೂ ಮಾತು ಬಿಟ್ಟಿದ್ದಾರೆ. ಅವಳು ಮಾತ್ರ ಹಾಯಾಗಿದ್ದಾಳೆ.

ಪೆಟ್ಟಿಗೆ ಪಡಸಾಲೆಯಲ್ಲೇ ಇದೆ. ನಿಮ್ಮ ಮನೆಗೂ ಇಂಥದೇ ಸೊಸೆ ಬೇಕಿತ್ತೇ?