ಪುಕ್ಕಟೆ ಗೋಡೆಗಳ ಪ್ರೇಮ್‌ಕುಮಾರ

ಮರ್ಫಿ ಟೌನಿನ ಪ್ರೇಮ್‌ಕುಮಾರನಿಗೆ ಸಂಗೀತದ ಕಿವಿ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನಿಗಿದ್ದದ್ದು ಎರಡು ಕಣ್ಣು, ಒಂದು ಮಾನಿಟರ್. ಹಾಡುವವರ ಮುಖವನ್ನು ಅವನು ನೋಡಿದ್ದನ್ನು ನಾನು ಕಂಡಿಲ್ಲ. ಪರದೆಯ ಮೇಲೆ ಹಸಿರು ಗೆರೆ ಕುಣಿದರೆ ಹಾಡು ಚೆನ್ನಾಗಿದೆ, ಕುಣಿಯದಿದ್ದರೆ ಇನ್ನೊಂದು ಟೇಕ್, ಅಷ್ಟೇ ಅವನ ಶಾಸ್ತ್ರ. ನಾನು ಪದ್ಮಶ್ರೀ, ಹಲಸೂರಿನವಳು, ಭಕ್ತಿಗೀತೆಗಳಿಗೆ ಕೋರಸ್ ಹಾಡಿ ಹೊಟ್ಟೆ ಹೊರೆದವಳು. ಕ್ಯಾಸೆಟ್ಟಿನ ಕಾಲದಿಂದ ಸೀಡಿಯ ಕಾಲದವರೆಗೂ ಅವನ ಸ್ಟುಡಿಯೋದಲ್ಲಿ ಬೆವರಿದ್ದೇನೆ. ಹಾಗಾಗಿ ಅವನ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ. ನಾಲ್ಕೂ ಒಳ್ಳೆಯ ಮಾತಾಗಿರಬೇಕೆಂದೇನೂ ಇಲ್ಲ.

ಸ್ಟುಡಿಯೋ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಅವನ ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆ, ಗೋಡೆಗೆಲ್ಲ ಹಳೆಯ ನಾರಿನ ಹಾಸಿಗೆ, ಬಾಗಿಲಿಗೆ ಮೊಟ್ಟೆಯ ಟ್ರೇ. ಫ್ಯಾನು ತಿರುಗಿದರೆ ಮೈಕಿಗೆ ಗಾಳಿ ಬಡಿಯುತ್ತದೆಂದು ಟೇಕ್ ಮುಗಿಯುವವರೆಗೆ ಫ್ಯಾನು ಬಂದ್. ಆ ಹಾಸಿಗೆಗಳ ನಡುವೆ ಯಾರ ದನಿಯಾದರೂ ಬಾಯಿಂದ ಹೊರಟು ಕಾಲ ಬುಡಕ್ಕೇ ಬೀಳುತ್ತಿತ್ತು. ಆಮೇಲೆ ಅದನ್ನು ಎತ್ತಿ ನಿಲ್ಲಿಸುವುದಕ್ಕೆ ಅವನ ಬಳಿ ಒಂದು ಎಕೋ ಡಬ್ಬವಿತ್ತು. ತೊಂಬತ್ತರ ದಶಕವಿಡೀ ಶಿವಾಜಿನಗರದ ಅಂಗಡಿಗಳಲ್ಲಿ ಮಾರಾಟವಾದ ದೇವರ ಕ್ಯಾಸೆಟ್ಟುಗಳಲ್ಲಿ ಅರ್ಧದಷ್ಟು ಆ ಡಬ್ಬದೊಳಗಿಂದ ಬಂದವೇ.

ಡಬ್ಬ ಕೆಟ್ಟು, ಕಂಪ್ಯೂಟರ್ ಬಂತು. ಇಂದಿರಾನಗರದ ಸೈಬರ್ ಕೆಫೆಯಲ್ಲಿ ಕೂತು ಕೂತು ಒಂದು ದಿನ ಅವನು ಹಾಡಿಗೆ ಎಕೋ ಹಚ್ಚುವ ಒಂದು ಪುಕ್ಕಟೆ ಪ್ಲಗ್-ಇನ್ ಹಿಡಿದು ತಂದ. ಅದರ ಹೆಸರು ಕನ್ವಲ್ಯೂಷನ್ ರಿವರ್ಬ್. ದೇವರು ಪ್ರತ್ಯಕ್ಷನಾದರೂ ಅವನು ಅಷ್ಟು ಹಿಗ್ಗುತ್ತಿರಲಿಲ್ಲ.

"ಫ್ರೀ, ಪದ್ಮಾ. ಪೂರಾ ಫ್ರೀ. ಇದಕ್ಕೆ ಬೇಕಾದ ಹಾಲ್‌ಗಳೂ ಫ್ರೀ. ಪ್ರಪಂಚದ ಯಾವ ಚರ್ಚಲ್ಲಿ ಬೇಕಾದ್ರೂ ನಿನ್ನ ನಿಲ್ಲಿಸ್ತೀನಿ."

"ಮೊದ್ಲು ಫ್ಯಾನ್ ಕೆಳಗೆ ನಿಲ್ಸು," ಎಂದೆ.

ಅದರ ಮರ್ಮ ದೊಡ್ಡದೇನಲ್ಲ. ಯಾರೋ ಪುಣ್ಯಾತ್ಮರು ದೂರದ ದೇಶದ ಇಗರ್ಜಿಯಲ್ಲೋ ಗುಹೆಯಲ್ಲೋ ನಿಂತು ಒಂದು ಬಲೂನು ಒಡೆಯುತ್ತಾರೆ. ಆ ಸದ್ದು ಗೋಡೆಗೆ ಬಡಿದು ಹರಡಿ ಅಡಗುವುದನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿನಲ್ಲಿ ಹಂಚುತ್ತಾರೆ. ಆ ಫೈಲನ್ನು ಪ್ಲಗ್-ಇನ್ನಿನ ಬಾಯಿಗೆ ಹಾಕಿದರೆ, ಅದರಲ್ಲಿ ಏನೇನಿದೆಯೋ ಅಷ್ಟನ್ನೂ ಅದು ನಮ್ಮ ಹಾಡಿನ ಒಂದೊಂದು ಸದ್ದಿನ ಹಿಂದೆಯೂ ಅಂಟಿಸುತ್ತದೆ. ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಒಂದು ಫೈಲಿನಲ್ಲಿ ಬಲೂನು ಒಡೆದ ದೊರೆ ಕೊನೆಯಲ್ಲಿ ಕೆಮ್ಮಿದ್ದ. ಪ್ರೇಮ್‌ಕುಮಾರ ಅದನ್ನು ನೋಡಿಕೊಳ್ಳದೆ ಹನುಮಂತನ ಭಜನೆಗೆ ಹಾಕಿದ. ತಾಳ ಬಿದ್ದಲ್ಲೆಲ್ಲ ದೊರೆ ಕೆಮ್ಮಿದ. ಆ ಸೀಡಿ ಮಾರಾಟವೂ ಆಯಿತು.

ಅಲ್ಲಿಂದ ಮುಂದೆ ಅವನ ಕೈಗೆ ಸಿಕ್ಕ ಯಾರೂ ಬೆಂಗಳೂರಿನಲ್ಲಿ ಹಾಡಲಿಲ್ಲ. ಅಯ್ಯಪ್ಪನ ಹಾಡು ಇಗರ್ಜಿಯಲ್ಲಿ, ಮಾರಮ್ಮನ ಹಾಡು ಗುಹೆಯಲ್ಲಿ. ಶಿವಾಜಿನಗರದ ಕ್ಯಾಸೆಟ್ ವ್ಯಾಪಾರಿ ಮುನೀರ್ ಸಾಹೇಬರು ಪೈಗಂಬರರನ್ನು ಹೊಗಳುವ ಒಂದು ನಾತ್ ರೆಕಾರ್ಡ್ ಮಾಡಿಸಿ, ಕೇಳಿ, ಗಡ್ಡ ನೀವಿಕೊಂಡು ಹೇಳಿದರು: "ಪ್ರೇಮ್ ಭಾಯ್, ನಮ್ಮ ಹುಡುಗ ಬಾವಿಗೆ ಬಿದ್ಬಿಟ್ಟಿದಾನೆ. ಸ್ವಲ್ಪ ಮೇಲೆ ಎತ್ತಿ."

ಇವನು ಎತ್ತಲಿಲ್ಲ. ಬದಲಿಗೆ ಇನ್ನಷ್ಟು ಹಾಲ್‌ಗಳನ್ನು ಇಳಿಸಿಕೊಂಡ. ಹಾರ್ಡ್‌ಡಿಸ್ಕ್ ತುಂಬಿತು. ಜಾಗ ಮಾಡಿಕೊಳ್ಳಲು ಒಂದು ಪದ್ಧತಿ ಹಿಡಿದ. ಮಿಕ್ಸಿಂಗ್ ಮುಗಿದ ಕೂಡಲೇ ಗಾಯಕರ ಒರಿಜಿನಲ್ ಟೇಕ್ ಡಿಲೀಟ್. ಹಾಡಿದವರನ್ನು ಅಳಿಸಿ ಗೋಡೆಗಳನ್ನು ಉಳಿಸಿಕೊಂಡ ಮಹಾನುಭಾವ ಅವನು. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. "ಫೈನಲ್ ಮಿಕ್ಸ್ ಇದ್ಮೇಲೆ ಅದ್ಯಾಕೆ ಬೇಕು?" ಎಂದಿದ್ದ.

ಯಾಕೆ ಬೇಕೆಂದು ಅವನ ದೊಡ್ಡಮ್ಮನ ಹಾಡಿನಲ್ಲಿ ಗೊತ್ತಾಯಿತು.

ದೊಡ್ಡಮ್ಮ ಎಂದರೆ ದೊಡ್ಡನೆಕ್ಕುಂದಿಯ ಮುನಿಶಾಮಮ್ಮ, ಅವನ ತಾಯಿಯ ಅಕ್ಕ, ತಾಯಿ ತೀರಿಕೊಂಡ ಮೇಲೆ ಅವನಿಗೆ ಅನ್ನ ಹಾಕಿ ಬೆಳೆಸಿದವರು. ಆ ಊರಲ್ಲಿ ಊರಮ್ಮನಿಗೆ ತಂಬಿಟ್ಟಿನ ಆರತಿ ಹೊರುವಾಗ ಒಂದು ಪದ ಹಾಡುತ್ತಾರೆ. ಪದದ ನುಡಿಗಳನ್ನು ಹಾಡುವುದು ಒಂದೇ ಮನೆಯ ಹೆಣ್ಣುಮಗಳು, ಅದು ಮುನಿಶಾಮಮ್ಮನ ಮನೆ. ಉಳಿದ ಹೆಂಗಸರು ಚಪ್ಪಾಳೆ ತಟ್ಟುತ್ತ ನುಡಿ ನುಡಿಗೂ ಮರಳಿ ಬರುವ ಸೊಲ್ಲು ಮಾತ್ರ ಹಿಡಿಯಬೇಕು. ಹಬ್ಬದ ದಿನ ಬಿಟ್ಟು ಆ ಪದವನ್ನು ಬಾಯಿಗೆ ತರುವ ಹಾಗಿಲ್ಲ. ಆದ್ದರಿಂದ ಊರೆಲ್ಲ ಕೇಳಿದ್ದರೂ ಊರಲ್ಲಿ ಯಾರಿಗೂ ಬಾರದ ಪದ ಅದು. ಈಗ ಮುನಿಶಾಮಮ್ಮನ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಮುಂದಿನ ಹಬ್ಬಕ್ಕೆ ಹಾಡಬೇಕಾದವಳು ಸೊಸೆ ರಮ್ಯ, ಅವಳು ಹಸಿ ಬಾಣಂತಿ. ಅಮ್ಮನ ಮುಂದೆ ಕೂತು ಹೂವು ಕೇಳಿದರು. ಬಲಗಡೆಯಿಂದ ಹೂವು ಬಿತ್ತು. ರಮ್ಯ ಕೇಳಿ ಕೇಳಿ ಕಲಿಯಲಿ ಎಂದು ಒಂದೇ ಒಂದು ಸಲ ಹಾಡಿ ರೆಕಾರ್ಡ್ ಮಾಡಲು ಅಪ್ಪಣೆಯಾಯಿತು.

"ನಮ್ ಗುಡೀಲೇ ಹಾಡ್ದಂಗೆ ಇರ್ಬೇಕು ಕಣೋ," ಎಂದರು ಮುನಿಶಾಮಮ್ಮ.

ಹಾಗಾದರೆ ಗುಡಿಯಲ್ಲೇ ಮೈಕು ಇಟ್ಟು ಮುಗಿಸಬಹುದಿತ್ತು. ಆದರೆ ಪ್ರೇಮ್‌ಕುಮಾರನಿಗೆ ಸುಲಭದ ಕೆಲಸ ಎಂದರೆ ಅಲರ್ಜಿ. ಹೊರಗೆ ಕಂಪನಿ ಕ್ಯಾಬುಗಳ ಹಾರ್ನ್ ಎಂದ. ತಾನು ಗುಡಿಯ ಎಕೋವನ್ನು ಮಾತ್ರ ಹಿಡಿದುಕೊಂಡು ಹೋಗುತ್ತೇನೆ, ಹಾಡು ಸ್ಟುಡಿಯೋದಲ್ಲಿ ಆಗಲಿ, ಆಮೇಲೆ ಎರಡನ್ನೂ ಕೂಡಿಸುತ್ತೇನೆ ಎಂದ. ಹುಟ್ಟುಹಬ್ಬದ ಬಲೂನುಗಳ ಪೊಟ್ಟಣ, ಬಾಡಿಗೆಯ ರೆಕಾರ್ಡರ್ ಹಿಡಿದು ಹೊರಟ. ಸೊಲ್ಲು ಹಾಡುವವಳು ನಾನೇ ಆದ್ದರಿಂದ ನನ್ನನ್ನೂ ಸ್ಕೂಟರಿನ ಹಿಂದೆ ಹತ್ತಿಸಿಕೊಂಡ.

ಗುಡಿ ಎಷ್ಟರದು? ನಾಲ್ಕು ಜನ ನಿಂತರೆ ಐದನೆಯವರು ಮೆಟ್ಟಿಲ ಮೇಲೆ. ಒಳಗೆ ಮುನಿಶಾಮಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಇವನು ಅಮ್ಮನ ಎದುರು ಕೆಂಪು ಬಲೂನು ಹಿಡಿದು, ಪಿನ್ನು ಚುಚ್ಚಿ, ಢಬ್ ಎನ್ನಿಸಿದ. ಅವರ ಕೈಯ ಎಣ್ಣೆ ಬಟ್ಟಲು ಅಲುಗಿ ಸೀರೆಯ ಮೇಲೆ ಚೆಲ್ಲಿತು.

"ಥೂ ನಿನ್ನ. ಹಾಡೋಳು ಇಲ್ಲಿ ನಿಂತವ್ಳೆ, ನೀನು ಗೋಡೆ ಸದ್ದು ಹಿಡ್ಕಂಡೋಗಾಕೆ ಬಂದಿದ್ದೀಯಾ ಬೆಪ್ಪುನನ್ಮಗನೆ," ಎಂದರು.

ಅವನು ತುಟಿಯ ಮೇಲೆ ಬೆರಳಿಟ್ಟು, ರೆಕಾರ್ಡರ್ ಓಡುತ್ತಿದೆ ಸುಮ್ಮನಿರಿ ಎಂದು ಸನ್ನೆ ಮಾಡಿದ. ಇನ್ನೊಂದು ಬಲೂನು ಊದುವುದಕ್ಕೆ ಅವರು ಬಿಡಲಿಲ್ಲ.

ಮಾರನೆಯ ದಿನ ಸ್ಟುಡಿಯೋದಲ್ಲಿ ಅವರು ಹಾಡಿದರು. ಆರತಿ ತಟ್ಟೆ ತಲೆಯ ಮೇಲಿಲ್ಲದೆ ಪದ ಬರುವುದಿಲ್ಲ ಎಂದು ಮನೆಯಿಂದ ಹಿತ್ತಾಳೆ ತಟ್ಟೆ ತಂದಿದ್ದರು. ಅದನ್ನು ಹೊತ್ತು, ಆ ಹಾಸಿಗೆ ಗೋಡೆಗಳ ನಡುವೆ ನಿಂತಲ್ಲೇ ಹೆಜ್ಜೆ ಹಾಕುತ್ತ, ನೋಯುವ ಗಂಟಲಲ್ಲಿ ಪೂರಾ ಪದ ಹಾಡಿದರು. ಒಂದು ಮಾತೂ ನುಂಗಲಿಲ್ಲ. ನಾನು ಎಷ್ಟೋ ದೊಡ್ಡ ಹೆಸರಿನವರ ಹಿಂದೆ ಸೊಲ್ಲು ಹಿಡಿದಿದ್ದೇನೆ, ಅವತ್ತು ಮಾತ್ರ ಅವರ ಮುಖದಿಂದ ಕಣ್ಣು ಕೀಳದೆ ಹಾಡಿದೆ. ಪ್ರೇಮ್‌ಕುಮಾರ ಹಸಿರು ಗೆರೆ ನೋಡುತ್ತಿದ್ದ.

ಆಪರೇಷನ್ ಆಯಿತು. ಮುನಿಶಾಮಮ್ಮ ಬದುಕಿದರು, ದನಿ ಹೋಯಿತು. ಇತ್ತ ಇವನು ಗುಡಿಯ ರೆಕಾರ್ಡಿಂಗನ್ನು ಪರದೆಯ ಮೇಲೆ ಹಾಕಿ ನೋಡಿದ. ಢಬ್ ಎಂದ ಕ್ಷಣಕ್ಕೇ ಸದ್ದು ಸತ್ತುಹೋಗಿತ್ತು. ಗುಡಿಯಲ್ಲಿ ಎಕೋ ಎಂಬುದೇ ಇರಲಿಲ್ಲ. ಪುಟ್ಟ ಕಲ್ಲುಕೋಣೆಯಲ್ಲಿ ಮತ್ತೇನಿರುತ್ತದೆ? ಅವನಿಗೆ ನಾಚಿಕೆಯಾಯಿತಂತೆ, ದೊಡ್ಡಮ್ಮನನ್ನು ಅಂಥ ಕಡೆ ನಿಲ್ಲಿಸುವುದಕ್ಕೆ. ಅದನ್ನು ಬದಿಗಿಟ್ಟು ತನ್ನ ಭಂಡಾರದಲ್ಲೇ ಅತಿ ದೊಡ್ಡ ಇಗರ್ಜಿಯನ್ನು ತೆಗೆದು ಪದದ ಮೇಲೆ ಸುರಿದ. ಆಮೇಲೆ ಪದ್ಧತಿಯಂತೆ ಒರಿಜಿನಲ್ ಟೇಕ್ ಡಿಲೀಟ್.

ಸೀಡಿಯನ್ನು ದೊಡ್ಡನೆಕ್ಕುಂದಿಗೆ ಒಯ್ದ ದಿನ ನಾನೂ ಹೋಗಿದ್ದೆ. ಸೀಡಿಯ ಮೇಲೆ ಊರಮ್ಮನ ಬಣ್ಣದ ಚಿತ್ರ, ಕೆಳಗೆ ಅವನ ಹೆಸರು. "ನಿಮ್ ಗುಡೀದೇ ಎಫೆಕ್ಟ್," ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಪ್ಲೇ ಒತ್ತಿದ. ಹಾಡು ಎದ್ದಿತು, ಹಬ್ಬಿತು, ಒಂದು ಮಾತು ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಕೊಂಡು ಬರೀ ಹೋ ಎನ್ನುವ ಗಾಳಿಯಾಯಿತು. ರಮ್ಯ ಮಗುವನ್ನು ತೊಡೆಯಿಂದ ಇಳಿಸಿ ಸ್ಪೀಕರಿಗೆ ಕಿವಿ ಹಚ್ಚಿದಳು.

"ಪದ್ಮಕ್ಕ, ಇದ್ರಲ್ಲಿ ಅತ್ತೆ ಏನ್ ಹೇಳ್ತಿದಾರೆ?"

ನನಗೆ ಸೊಲ್ಲು ಗೊತ್ತಿತ್ತು, ಸೊಲ್ಲು ಹೇಳಿದೆ. ಒಂದೇ ಸಲ ಕೇಳಿದ ನುಡಿಗಳು ನನಗೆ ನೆನಪಿರಲಿಲ್ಲ, ಸೀಡಿಯಲ್ಲಿ ನನಗೂ ಕೇಳಿಸಲಿಲ್ಲ. ಮುನಿಶಾಮಮ್ಮ ಕತ್ತಿನ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಪ್ರೇಮ್‌ಕುಮಾರನನ್ನು ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

"ಎಫೆಕ್ಟ್ ಇಲ್ದಿರೋದು ಕೊಡು," ಎಂದೆ.

ಅವನು ಸೀಡಿಯ ಡಬ್ಬಿಯನ್ನು ತೆರೆದು ಮುಚ್ಚಿದ.

"ಅಳಿಸ್ಬಿಟ್ಯಾ?"

"ಬರೀ ದನಿ ಇಟ್ಕೊಂಡು ಏನ್ ಮಾಡೋದು ಅಂತ..."

"ಅವರು ಕೇಳಿದ್ದು ಬರೀ ದನೀನೇ ಕಣೋ," ಎಂದೆ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ರಮ್ಯಳ ಅಳು ನೋಡಿ ಕೈ ತಡೆದುಕೊಂಡೆ.

ಆಮೇಲೆ ರಮ್ಯ ಅತ್ತೆಯ ಮುಂದೆ ಕೂತು ತುಟಿ ಓದಿದಳು. ಮುನಿಶಾಮಮ್ಮನಿಗೆ ಓದು ಬರಹ ಬಾರದು. ಎಲೆ ಅಡಿಕೆಗೆ ಹಲ್ಲು ಕಳೆದುಕೊಂಡ ಬಾಯಿ, ಅದರ ಮೇಲೆ ಈ ಕಾಲದಲ್ಲಿ ಯಾರೂ ಆಡದ ಹಳೆಯ ಮಾತುಗಳು. ರಮ್ಯ ಒಂದೊಂದೇ ಮಾತು ಊಹಿಸುವಳು, ಅತ್ತೆ ತಲೆ ಅಲ್ಲಾಡಿಸುವರು. ಮೊದಲ ಎರಡು ನುಡಿ ಹೇಗೋ ಕೈಗೆ ಬಂದವು. ಮೂರನೆಯದು, ಆರತಿ ಗುಡಿಯ ಬಾಗಿಲು ದಾಟುವಾಗ ಹಾಡಬೇಕಾದದ್ದು, ಏನು ಮಾಡಿದರೂ ಬರಲಿಲ್ಲ. ಮುನಿಶಾಮಮ್ಮ ಬೇಸತ್ತು ಕೈ ಚೆಲ್ಲಿದರು. ಹೆಣ್ಣಿನಿಂದ ಹೆಣ್ಣಿಗೆ ಬಂದ ಪದ ಮರ್ಫಿ ಟೌನಿನ ಒಂದು ಹಾರ್ಡ್‌ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಹೋಯಿತು.

ಇದ್ದಷ್ಟಾದರೂ ಉಳಿಯಲಿ ಎಂದು ಮತ್ತೆ ಹೂವು ಕೇಳಿ, ಅಪ್ಪಣೆ ಪಡೆದು, ರಮ್ಯಳ ದನಿಯಲ್ಲಿ ರೆಕಾರ್ಡ್ ಮಾಡುವುದೆಂದಾಯಿತು. ಮುನಿಶಾಮಮ್ಮನೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಪ್ರೇಮ್‌ಕುಮಾರ ಯಾರ ಮುಖವನ್ನೂ ನೋಡದೆ, "ಈ ಸಲ ನಿಜವಾಗ್ಲೂ ಗುಡೀದೇ ಹಾಕ್ತೀನಿ," ಎಂದ. ಮೂಲೆಗೆ ಬಿಸಾಕಿದ್ದ ಆ ಬಲೂನಿನ ರೆಕಾರ್ಡಿಂಗನ್ನು ಹುಡುಕಿ ಪ್ಲಗ್-ಇನ್ನಿಗೆ ಹಾಕಿದ. ಢಬ್ ಎಂದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಬೇಕಿತ್ತು. ಅಷ್ಟು ವಿವೇಕವಿದ್ದಿದ್ದರೆ ಅವನು ಪ್ರೇಮ್‌ಕುಮಾರ ಹೇಗಾಗುತ್ತಿದ್ದ? ದೊರೆಯ ಕೆಮ್ಮನ್ನು ಅವನು ಮರೆತೇಬಿಟ್ಟಿದ್ದ. ಸ್ಪೀಕರ್ ಆನ್ ಮಾಡಿ ರಮ್ಯಳಿಗೆ ಹೂಂ ಎಂದ.

ರಮ್ಯ ಲಯ ಹಿಡಿಯಲು ಮೈಕಿನ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದಳು.

"ಥೂ ನಿನ್ನ," ಎಂದಿತು ಸ್ಪೀಕರು. "ಹಾಡೋಳು ಇಲ್ಲಿ ನಿಂತವ್ಳೆ, ನೀನು ಗೋಡೆ ಸದ್ದು ಹಿಡ್ಕಂಡೋಗಾಕೆ ಬಂದಿದ್ದೀಯಾ ಬೆಪ್ಪುನನ್ಮಗನೆ."

ಎಕೋ ಇಲ್ಲದ ಗುಡಿ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಪ್ರೇಮ್‌ಕುಮಾರ ಗಾಬರಿಯಿಂದ ಮೌಸಿಗೆ ಕೈ ಹಾಕಿದ. ಅಷ್ಟರಲ್ಲಿ ಮುನಿಶಾಮಮ್ಮ ಎದ್ದು ಬಂದು ಅವನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದರು. ರಮ್ಯಳನ್ನು ದಾಟಿ ಮೈಕಿನ ಎದುರು ನಿಂತರು. ತಮ್ಮ ಎರಡು ಅಂಗೈಗಳನ್ನು ಒಂದು ಕ್ಷಣ ನೋಡಿಕೊಂಡು ಚಪ್ಪಾಳೆ ತಟ್ಟಿದರು. ಅವರ ದನಿ ಅವನಿಗೆ ಪೂರ್ತಿ ಬೈದು ಮುಗಿಸಿತು.

ಪ್ರೇಮ್‌ಕುಮಾರ ತನ್ನ ಕುರ್ಚಿಯನ್ನು ಮಾನಿಟರಿನಿಂದ ಈ ಕಡೆಗೆ ತಿರುಗಿಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಇರಲಿ, ನಾನು ಮರುಗಲಿಲ್ಲ. ಮುನಿಶಾಮಮ್ಮ ಅವನ ಮುಖವನ್ನೇ ನೋಡುತ್ತ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.