ಸೊಸೆಯ ಅರ್ಜಿಗೆ ಹಾಕದ ಸಹಿ

ಇದನ್ನು ಬರೆಯಬೇಕೆಂದು ಕುಳಿತು, ಕಾಗದ ಮಡಚಿಟ್ಟು ಎದ್ದದ್ದು ಅದೆಷ್ಟು ಸಲವೋ. ನನಗೀಗ ಎಪ್ಪತ್ತಮೂರು. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗಿಬಿಡುತ್ತೇನೆ ಎಂಬ ಅಂಜಿಕೆಯಿಂದ ಬರೆಯುತ್ತಿದ್ದೇನೆ.

ಕೊರೊನಾ ಮುಗಿದು ವಿಮಾನಗಳು ಮತ್ತೆ ಹಾರತೊಡಗಿದ ವರ್ಷ. ನಾನು ನವಿಲುತೀರ್ಥದ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ನಿವೃತ್ತನಾಗಿ ಮುನವಳ್ಳಿಯಲ್ಲಿದ್ದೆ. ಮಗ ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಅವನೂ ಸೊಸೆಯೂ ಜಪಾನಿಗೆ ಹೋಗಲು ನಿಶ್ಚಯಿಸಿದ್ದರು. ಮೊದಲು ಅಲ್ಲಿನ ಭಾಷಾ ಶಾಲೆಯಲ್ಲಿ ಓದು, ಆಮೇಲೆ ಕೆಲಸ ಎಂಬುದು ಅವರ ಲೆಕ್ಕ.

ಶಾಲೆ ಹುಡುಕಿದ್ದು ಸೊಸೆ. ಒಲೆಯ ಪಕ್ಕ ಮೊಬೈಲು ನಿಲ್ಲಿಸಿಕೊಂಡು, ರೊಟ್ಟಿ ಬಡಿಯುತ್ತಲೇ ಜಪಾನಿ ಅಕ್ಷರ ಕಲಿತಿದ್ದಳು. ಮೊದಲ ಹಂತದ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಮಗ ಅದರಲ್ಲಿ ಎರಡು ಸಲ ನಪಾಸಾಗಿದ್ದ. ಟೋಕಿಯೋದ ದೊಡ್ಡ ಶಾಲೆಗಳನ್ನೆಲ್ಲ ಬಿಟ್ಟು ಸಣ್ಣ ಊರಿನದೊಂದನ್ನು ಆರಿಸಿದ್ದಳು.

“ಇಲ್ಲಿ ಗಂಡ ಹೆಂಡತಿಗೆ ಬ್ಯಾರೆ ಖೋಲಿ ಕೊಡತಾರ್ರಿ ಮಾವಾರ. ಇಬ್ಬರಿಗೂ ಮುಂಜಾನೆ ಕ್ಲಾಸು. ಮಧ್ಯಾಹ್ನ ಇಬ್ಬರೂ ಕೆಲಸಕ್ಕ ಹೋಗಬಹುದು” ಎಂದು ನನಗೆ ವಿವರಿಸಿದ್ದಳು.

ಆ ಶಾಲೆಗೆ ಇಬ್ಬರದೂ ಬೇರೆ ಬೇರೆ ಅರ್ಜಿ. ಖರ್ಚಿಗೆ ಹೊಣೆ ನಿಲ್ಲುವ ಹಿರಿಯರು ಯಾಕೆ ಕಳಿಸುತ್ತಿದ್ದೇವೆಂದು ಕೈಯಾರೆ ಬರೆದು ಸಹಿ ಮಾಡಬೇಕಿತ್ತು. ಮಗನದಕ್ಕೆ ಎರಡು ಪುಟ ಬರೆದೆ. ಸೊಸೆಯದು ಮುಂದಿಟ್ಟಾಗ ಪೆನ್ನಿನ ಟೋಪಿ ಹಾಕಿದೆ.

“ಗಂಡನ ಸಂಗಾಟ ಹ್ವಾದ್ರಾತು. ನಿನಗ್ಯಾಕ ಬ್ಯಾರೆ ಅರ್ಜಿ?”

“ಹಂಗ ಬಿಡೂದಿಲ್ರಿ. ಭಾಷಾ ಸಾಲಿಗೆ ಹ್ವಾದವರು ಹೆಂಡತಿನ್ನ ಕರಕೊಂಡು ಹೋಗಾಕ ಬರೂದಿಲ್ರಿ. ಇಬ್ಬರೂ ಸಾಲಿಗೇ ಸೇರಬೇಕು.”

“ಜೀವಮಾನೆಲ್ಲಾ ಅರ್ಜಿ ನೋಡೇನಿ. ನನಗ ಕಾಯ್ದೆ ಹೇಳಬ್ಯಾಡ.”

ಕಟಕೋಳದಿಂದ ಬಂದಿದ್ದ ನನ್ನ ಷಡ್ಡಕ ಅಲ್ಲೇ ಚಹಾ ಕುಡಿಯುತ್ತಿದ್ದ. “ಅಣ್ಣಾರ, ಸೊಸಿ ಜಪಾನಿ ಕಲತ್ರ ಎದುರಿಗೇ ಬೈದ್ರೂ ನೀವು ಹೂಂ ಅನ್ಕೋತ ಕುಂದ್ರಬೇಕಾಗತೈತಿ ನೋಡ್ರಿ!” ಎಂದ. ಎಲ್ಲರೂ ನಕ್ಕರು. ಆ ನಗುವಿನ ಹುರುಪಿನಲ್ಲಿ ನಾನು, “ಕಲಿಯೂದು ಅವಂಗ ಬಿಡು. ನಿನಗ ಅಲ್ಲೂ ರೊಟ್ಟಿ ಬಡಿಯೂದ ಐತಿ” ಎಂದೆ.

ಸೊಸೆ ನಗಲಿಲ್ಲ. ಕೇಳಿದಳು: “ಹಂಗಾರ ಹೂಲಿಗೆ ಹೋಗಿ ನಮ್ಮಪ್ಪನ ಸಹಿ ತರಲ್ರಿ?”

“ಈ ಮನಿ ಸೊಸಿಗೆ ತವರಮನಿ ಸಹಿ? ನಾ ಇನ್ನೂ ಬದುಕೇನಿ!”

ಕೂಗಿದ್ದೆ. ಮಗ ತಲೆ ತಗ್ಗಿಸಿ ಕುಳಿತಿದ್ದ. ಅರ್ಜಿಯನ್ನು ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ನಾನು ಬೇಡವೆಂದ ಮೇಲೆ ಅವಳು ಹೂಲಿಗೆ ಹೋಗಲಿಲ್ಲ.

ಮಗನ ವೀಸಾ ಬಂತು. ಸೊಸೆಯನ್ನು ಹೆಂಡತಿಯೆಂದು ಕರೆತರಬಹುದೇ ಎಂದು ಕೇಳಿದಾಗ, ಅವಳು ಹೇಳಿದ್ದನ್ನೇ ಶಾಲೆಯವರೂ ಹೇಳಿದರು. ಮಗ ಒಬ್ಬನೇ ಹೋದ. ಅಲ್ಲಿ ನಾಲ್ವರ ಜೊತೆ ಒಂದೇ ಖೋಲಿ. “ಅಪ್ಪಾ, ಅಕಿ ಮುಂದಿನ ಸಲದ ಅರ್ಜಿಗರೆ ಸಹಿ ಮಾಡ್ರಿ” ಎಂದು ಫೋನಿನಲ್ಲಿ ಕೇಳಿದ. “ನೋಡೂಣು” ಎಂದೆ. ಸಹಿ ಮಾಡಿದರೆ ನನ್ನ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬುದೊಂದೇ ಅಡ್ಡಿ. ನೋಡೋಣ ನೋಡೋಣ ಎನ್ನುತ್ತಲೇ ಎರಡು ವರ್ಷ ಕಳೆದೆ.

ಒಂದು ಸಂಜೆ ಮಗ ವಿಡಿಯೋ ಕರೆ ಮಾಡಿ ಯಾವುದೋ ಜಪಾನಿ ನೋಟೀಸನ್ನು ಕ್ಯಾಮೆರಾದ ಮುಂದೆ ಹಿಡಿದ. ಗಾಬರಿಯಾಗಿದ್ದ. “ಖೋಲಿ ಖಾಲಿ ಮಾಡ ಅಂತ ಬರದಾರೇನ ನೋಡ!” ಎಂದ. ಸೊಸೆ ಹಿಟ್ಟಿನ ಕೈಯಲ್ಲೇ ಬಗ್ಗಿ ಓದಿದಳು.

“ಅಂಜಬ್ಯಾಡ್ರಿ. ಕಸ ಒಯ್ಯೂ ದಿನ ಬದಲಾಗೇತಿ, ಅಷ್ಟ. ಇನ್ನ ಮ್ಯಾಲ ಗುರುವಾರ.”

ಮುನವಳ್ಳಿಯ ಅಡುಗೆಮನೆಯಲ್ಲಿ ಕುಳಿತವಳು ಜಪಾನಿನಲ್ಲಿದ್ದವನಿಗೆ ಓದಿ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನತ್ತ ತಿರುಗಿ, “ಚಾ ಇಡ್ಲ್ಯಾ ಮಾವಾರ?” ಎಂದಳು. ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಓದು ಮುಗಿದು ಮಗನಿಗೆ ಕೆಲಸ ಸಿಕ್ಕ ಮೇಲೆ ಹೆಂಡತಿಯಾಗಿ ಹೋಗಲು ಅವಳಿಗೆ ವೀಸಾ ಬಂತು. ಹೊರಡುವ ದಿನ ನನ್ನ ಕಾಲಿಗೆ ಬಿದ್ದಳು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. “ಸ್ವೆಟರ್ ಇಟಗೊಂಡಿಯೇನವಾ?” ಎಂದು ಕೇಳಿದೆ. “ಹೂಂರಿ” ಎಂದು ಗಾಡಿ ಹತ್ತಿದಳು.

ಈಗ ಅಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಅರ್ಧ ಹೊತ್ತು ದುಡಿಯುತ್ತಾಳೆ. ಇನ್ನಾದರೂ ಶಾಲೆ ಸೇರು ಎಂದು ಮಗ ಒತ್ತಾಯಿಸಿದಾಗ, “ಆ ಹುಕಿ ಹೋತ್ರಿ” ಎಂದಳಂತೆ. ಅದನ್ನು ಅವನು ನನಗೆ ಸಹಜವಾಗಿಯೇ ಹೇಳಿದ. ಆ ರಾತ್ರಿ ನಾನು ಉಣ್ಣಲಿಲ್ಲ.

ಪ್ರತಿ ಭಾನುವಾರ ಫೋನು ಬರುತ್ತದೆ. ಬಿಪಿ ಗುಳಿಗೆ ತಗೊಂಡಿರೇನು ಎಂದು ಅವಳೇ ಕೇಳುತ್ತಾಳೆ. ನಾನು ಮಳೆ, ಬೆಳೆ, ನೆರೆಹೊರೆಯ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ನನ್ನಿಂದ ತಪ್ಪಾಯಿತು ಎಂದು ಈವರೆಗೆ ಬಾಯಿಬಿಟ್ಟು ಹೇಳಲಾಗಿಲ್ಲ, ನನ್ನ ಸೊಸೆ ಶಿವಲೀಲಾಗೆ.